ಸಾಲದ ಮೊಳೆ

ಹೊಟ್ಟೆಗೆ ಹಿಟ್ಟಿಲ್ಲವೆಂದು ಯಾರೂ ಅನ್ನುವ ಹಾಗಿಲ್ಲ.
ಹಿಟ್ಟಿದೆ. ಬೆಳ್ಳಗೆ, ಜರಡಿ ಹಿಡಿದದ್ದು.
ಹೊತ್ತುಹೊತ್ತಿಗೂ ಮೆಕ್ಕೆಜೋಳದ ನ್ಸಿಮಾ,
ಬಿಸಿಬಿಸಿ, ಅಂಗೈಯಲ್ಲಿ ಉಂಡೆ ಮಾಡಿ ನುಂಗಿ
ಮೊಮ್ಮಗಳು ಅಲಿನಾಫೆ ಹೊಟ್ಟೆ ಬಡಿದು ತೋರಿಸುತ್ತಾಳೆ:
ಡಬ್ ಡಬ್. ತುಂಬಿದೆ ಅಜ್ಜಾ.

ಮೂರು ತುಂಬಿದವಳು
ಎರಡರ ಗೆರೆಯಲ್ಲೇ ನಿಂತಳು.
ಸೈಕಲ್ಲಿನಲ್ಲಿ ಬರುವ ಆರೋಗ್ಯದ ಹುಡುಗಿ ಎನೆಲೆಸ್
ಗೋಡೆಗೆ ಹಲಗೆ ಒರಗಿಸಿ, ನೆತ್ತಿಗೆ ಪಟ್ಟಿ ಇಳಿಸಿ,
ಎರಡು ಸಲ ನೋಡಿ, ಪೆನ್ಸಿಲ್ಲು ಕಿವಿಗೇರಿಸಿ
ಅಂದಳು: ಊಟ ಸಾಲುತ್ತಿಲ್ಲ.

ನನಗೆ ಸಿಟ್ಟು ಬಂತು.
ಕಣಜ ಬಗ್ಗಿ ನೋಡು ಎಂದೆ.
ಕಣಜದ ಮಾತಲ್ಲ ಅಜ್ಜ, ಮೈ ಕಟ್ಟಲು
ಬಗೆಬಗೆಯ ಚೂರು ಬೇಕು,
ಒಂಬತ್ತು ಬಗೆ ಹೊರಗಿಂದಲೇ ಬರಬೇಕು.
ಜೋಳದಲ್ಲಿ ಲೈಸೀನ್ ಅನ್ನುವುದು ತೀರ ಚಿಟಿಕೆ.
ಅದು ಮುಗಿದಲ್ಲಿಗೆ ಮಿಕ್ಕದ್ದೆಲ್ಲ ದಂಡ.

ಇನ್ನೂ ಏನೇನೋ ಹೇಳುತ್ತಿದ್ದಳು. ನಾನು ಆಗಲೇ
ಜೊಂಬಾದ ಮಿಷನ್ ಅಚ್ಚುಕೂಟದೊಳಗಿದ್ದೆ.

ಮೂವತ್ತೊಂದು ವರ್ಷ ಮೊಳೆ ಜೋಡಿಸಿದವನು ನಾನು, ಗೆರೆವಾಸಿಯೊ.
ಹಡಗಿನಲ್ಲಿ ಬಂದ ಮೊಳೆ,
ಬಿಳಿಯರ ಮಾತಿನ ಅಳತೆಗೆ ಎರಕ ಹೊಯ್ದದ್ದು.
ಈ ಎಂಬ ಅಕ್ಷರ ರಾಶಿರಾಶಿ, ಟೀ ಬೇಕಾದಷ್ಟು,
ನಮ್ಮ ಚಿಚೇವಾಕ್ಕೆ ಹೆಜ್ಜೆಹೆಜ್ಜೆಗೂ ಬೇಕಾದ ಕೆ
ಖಾನೆಯ ತಳದಲ್ಲಿ ಒಂದೇ ಹಿಡಿ.
ಇರುವುದಕ್ಕೆ ಕುಖಾಲಾ, ಒಲಿಯುವುದಕ್ಕೆ ಕುಕೊಂಡಾ,
ಬೆಳೆಯುವುದಕ್ಕೆ ಕುಕುಲಾ;
ಒಂದು ಮಗು ಬೆಳೆಯಿತೆಂದು ಅಚ್ಚು ಹಾಕಬೇಕಾದರೂ
ಎರಡೆರಡು ಕೆ.

ಪುಟ ಮುಕ್ಕಾಲು ಆಗುವಾಗ ಕೆ ಖಾಲಿ.
ಸಾಲು ನಿಂತಿತು, ಸಾಲದ್ದಕ್ಕೆ.
ಈಗಳು ಸುಮ್ಮನೆ ಹೊಳೆಯುತ್ತ ಬಿದ್ದಿದ್ದವು,
ಮದುವೆ ಮುರಿದ ಮನೆಯ ಪಾತ್ರೆಗಳ ಹಾಗೆ.
ಮೇಸ್ತ್ರಿ ಬಂದು ಬೈದ:
ಇಷ್ಟೊಂದು ಸೀಸ ಬಿದ್ದಿದೆಯಲ್ಲೊ, ಇನ್ನೂ ಬೇಕೆ?
ಬೇಕು, ಕೆ ಎಂದೆ.
ಕೆನ್ನೆಗೆ ಬಿತ್ತು.

ತುರ್ತಿನ ಕೆಲಸ. ಆ ರಾತ್ರಿ
ಹಿಂದಿನ ದಿನ ಕಟ್ಟಿಟ್ಟ ಪುಟ ಬಿಚ್ಚಿ
ಅದರ ಕೆಗಳನ್ನು ಒಂದೊಂದಾಗಿ ಕಿತ್ತೆ.
ಇವತ್ತಿನದು ಅಚ್ಚಾಯಿತು.
ಆ ಬಿಚ್ಚಿದ ಪುಟ ಎಂದೂ ಆಗಲಿಲ್ಲ.

ಎನೆಲೆಸ್ ಮಗುವಿನ ರಟ್ಟೆಗೆ
ಬಣ್ಣದ ಪಟ್ಟಿ ಸುತ್ತಿ ಎಳೆದಳು. ಹಳದಿಯಲ್ಲಿ ನಿಂತಿತು.
ಮೈ ತನ್ನನ್ನೇ ಬಿಚ್ಚಿ ತಿನ್ನುತ್ತದೆ ಅಜ್ಜ, ಎಂದಳು.
ಗೊತ್ತು ಎಂದೆ. ನನಗೆ ಗೊತ್ತು.

ಹಾಗಾದರೆ ಆ ಅಕ್ಷರ ಎಲ್ಲಿ ಸಿಗುತ್ತದೆ?
ಬೇಲಿಯುದ್ದಕ್ಕೂ ಇದೆಯಲ್ಲ, ನಂಡೋಲೊ, ತೊಗರಿ!
ಅದನ್ನು ಚೀಲ ಹೊಲಿದು ಲಾರಿಗೆ ಹೇರುತ್ತೇವೆ,
ಕಡಲು ದಾಟಿ ಇಂಡಿಯಾದ ಸಾರಿಗೆ ಹೋಗುತ್ತದಂತೆ.
ಉಂಡವರ ಮಕ್ಕಳು ಚೆನ್ನಾಗಿರಲಿ.
ಮತ್ತೆ ಎಲ್ಲಿ?
ಮೊಟ್ಟೆಯಲ್ಲಿ; ಮೊಟ್ಟೆ ಸಂತೆಗೆ.
ಕೆರೆಯ ಉಸಿಪಾ ಮೀನಿನಲ್ಲಿ, ಬೆರಳುದ್ದದ್ದು, ಒಣಗಿಸಿದ್ದು.

ಇಲ್ಲಿ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮೀನು ಮನೆಗೆ ಬರುತ್ತದೆ. ದಿನವೂ ಅಲ್ಲ, ಬರುತ್ತದೆ.
ಗಂಡಸರ ತಟ್ಟೆ ಮೊದಲು, ಅದರಲ್ಲೂ ಹಿರಿಯನದು.
ಮಕ್ಕಳಿಗೆ ಹಿಟ್ಟಿನ ಜೊತೆ ಮೀನು ಬೆಂದ ರಸ,
ವಾಸನೆ ಸಾಕು, ಹಲ್ಲು ಹುಟ್ಟಿದ್ದು ನಿನ್ನೆ ಎನ್ನುತ್ತಾರೆ.
ಮೂರು ವರ್ಷ ನನ್ನೆದುರಿಗೇ ಕೂತು ಅವಳು
ರಸದಲ್ಲಿ ಬೆರಳಾಡಿಸುತ್ತಿದ್ದಳು.
ಕೆ ಇರುವ ಖಾನೆ
ನನ್ನ ತೊಡೆಯ ಮೇಲಿತ್ತು.

ಸಂಜೆ ಫಲೆಸಿ ತಟ್ಟೆ ತಂದಿಟ್ಟಳು. ಆರು ಮೀನು, ಕಣ್ಣಿನ ಸಮೇತ.
ಸೊಸೆ ಏನಂದುಕೊಂಡಳೋ, ನಾನು ಅತ್ತ ನೋಡಲಿಲ್ಲ.
ಕನ್ನಡಕ ಒರೆಸಿ, ಹಳೆಯ ಚಿಮಟ ಹಿಡಿಯುವ ಬೆರಳಿಂದ
ಒಂದನ್ನೆತ್ತಿ, ಚೂರು ಮಾಡಿ,
ಉಂಡೆಯೊಳಗೆ ಒತ್ತಿ ಬಾಯಿಗಿಟ್ಟೆ.

ಕಳೆದ ವರ್ಷಗಳ ಗೆರೆ ಪೂರ್ತಿ ಮರಳುವುದಿಲ್ಲ,
ಎನೆಲೆಸ್ ಸೈಕಲ್ ಏರುವಾಗ ಮೆಲ್ಲಗೆ ಅಂದಿದ್ದಳು.
ಅಲಿನಾಫೆ ಅಗಿದಳು, ಮುಖ ಕಿವಿಚಿದಳು,
ಮುಳ್ಳೊಂದನ್ನು ಉಗಿದು ದೀಪಕ್ಕೆ ಹಿಡಿದು ನೋಡಿದಳು.

ಇನ್ನೂ ಬೇಕೆ? ಎಂದೆ.
ಮೇಸ್ತ್ರಿಯ ಮಾತು, ನನ್ನ ಬಾಯಲ್ಲಿ.

ಅವಳು ಬಾಯಿ ತೆರೆದಳು.