ಹುಣಸೆ ತಕ್ಕಡಿಯಲ್ಲಿ ಕೋವಿ

ತುಮಕೂರಿನ ಮಂಡಿಪೇಟೆಯಲ್ಲಿ ನಮ್ಮದು ಹುಣಸೆ ಮಂಡಿ,
ಗೋಡೆಯಾಚೆ ಗೈಬುಸಾಬರ ಕೋವಿ ರಿಪೇರಿ.
ಅಲ್ಲಿ ಅರ ಇತ್ತು, ಎಣ್ಣೆ ಇತ್ತು, ಬೀಟೆಯ ತುಂಡುಗಳಿದ್ದವು,
ಸೀಮೆಎಣ್ಣೆಯ ಲೋಟದಲ್ಲಿ ನೆನೆಯುವ ತಿರುಪುಗಳಿದ್ದವು,
ತಕ್ಕಡಿಯೊಂದು ಇರಲಿಲ್ಲ.

ಹಾಗಾಗಿ ಕೋವಿ ತೂಗುವುದು ನನ್ನ ಕೆಲಸ,
ಹನ್ನೊಂದು ವರ್ಷದವಳದ್ದು.
ಹುಣಸೆ ಮೆತ್ತದಿರಲೆಂದು ಗೋಣಿತಾಟು ಹಾಸುತ್ತಿದ್ದೆ,
ಆಮೇಲೆ ನೆನಪಿಟ್ಟು ತಾಟಿನ ತೂಕ ಕಳೆಯುತ್ತಿದ್ದೆ.

ಶಿರಸ್ತೇದಾರ ಹೊನ್ನಗಂಗಯ್ಯ ಬಂದದ್ದು
ಮಾಗಿಯ ಬೆಳಿಗ್ಗೆ, ಕಿವಿಗೆ ಮಫ್ಲರ್ ಸುತ್ತಿ.
"ಮೊಣಕಾಲು ಮಾತು ಕೇಳಲ್ಲ ಸಾಬರೇ,
ದೇವರಾಯನದುರ್ಗ ಹತ್ತಬೇಕು, ಹಗುರದ್ದು ಬೇಕು.
ಆದರೆ ಕಡವೆ ಬೀಳಬೇಕು.
ಒಂದೇ ಏಟಿಗೆ."

ಚಾಪೆಯ ಮೇಲೆ ಮೂರು ರೈಫಲ್ ಮಲಗಿದವು.
ಮೊದಲನೆಯದು ಮೂವತ್ತು-ಸೊನ್ನೆ-ಆರು:
ನಾಲ್ಕು ಕಿಲೋ ನೂರು.
"ಇದು ಒನಕೆ," ಅಂದರು.
ಎರಡನೆಯದು ಇಪ್ಪತ್ತೆರಡು, ಗರಿಯಷ್ಟು ಹಗುರ;
"ಕಡವೆಗೆ ಇದರಲ್ಲಿ ಕಚಗುಳಿ ಇಡಬಹುದು," ಅಂದರು ಸಾಬರು.
ಮೂರನೆಯದು ಇನ್ನೂರೆಪ್ಪತ್ತೈದರ ಬೋರು.
ಮುಳ್ಳು ಅತ್ತಿತ್ತ ಆಡಿ ನಿಂತಿತು.
ಮೂರು ಕಿಲೋ ಇನ್ನೂರು, ಕೂಗಿದೆ.

"ಗುಂಡಿನ ದಪ್ಪ ಕೇಳಬೇಡಿ ಸ್ವಾಮಿ, ತಾಗೋ ಜಾಗ ಕೇಳಿ.
ಮುಂಗಾಲ ಹಿಂದೆ, ಗೇಣು ಮೇಲೆ,
ಅಲ್ಲಿ ಹೊಕ್ಕರೆ ಸಣ್ಣದೂ ಸಾಕು.
ಹೊಟ್ಟೆಗೆ ಹೊಡೆದರೆ ಫಿರಂಗಿಯೂ ಸಾಲದು.
ಇನ್ನೊಂದು, ಕೋವಿ ಹಗುರಾದಷ್ಟೂ ಒದೆತ ಜಾಸ್ತಿ.
ಕಬ್ಬಿಣ ಹೊರದೆ ಬಿಟ್ಟದ್ದನ್ನ
ಹೆಗಲು ಹೊರಬೇಕು."

ಶಿರಸ್ತೇದಾರರು ಅದನ್ನು ಹೆಗಲಿಗೊತ್ತಿ, ಒಂದು ಕಣ್ಣು ಮುಚ್ಚಿ
ನಮ್ಮ ಹುಣಸೆ ಮೂಟೆಗೆ ಗುರಿಯಿಟ್ಟರು.
ಬೀಜ ಬಿಡಿಸುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು.

ಆಗ ಅಪ್ಪ, ಖಾತೆಯಿಂದ ತಲೆ ಎತ್ತದೆ:
"ಬಿದ್ದ ಮೇಲೆ?"
"ಬಿದ್ದ ಮೇಲೆ ಏನು?"
"ಕಡವೆ. ಇಪ್ಪತ್ತು ಮಣ ತೂಗುತ್ತೆ. ಇಳಿಸೋರು ಯಾರು?"
"ಆಳುಗಳಿದಾರಲ್ಲ."
"ಹಂಗಾದ್ರೆ ಕೋವೀನೂ ಅವರೇ ಹೊರಲಿ,
ದಪ್ಪದ್ದೇ ತಗೊಳ್ಳಿ."

ಗೈಬುಸಾಬರು ಕೆಮ್ಮಿದರು, ನಗು ನುಂಗಲಿಕ್ಕೆ.
ಹೊನ್ನಗಂಗಯ್ಯ ಹಗುರದ್ದನ್ನೇ ಕೊಂಡರು.

ಆ ಚಳಿಗಾಲ ಲೈಸೆನ್ಸಿನ ಕಾಗದ ಬರಲಿಲ್ಲ.
ಮುಂದಿನ ಚಳಿಗಾಲ ಮೊಣಕಾಲು ಊದಿತು.
ಅದರ ಮುಂದಿನದಕ್ಕೆ ಬೇಟೆಯಿಲ್ಲವೆಂದು ಕಾನೂನೇ ಬಂತು.
ದುರ್ಗದ ಕಾಡಲ್ಲಿ ಯಾವುದೋ ಒಂದು ಕಡವೆ
ತಾನು ಉಳಿದದ್ದು ತಿಳಿಯದೆ
ನೆಲ್ಲಿಕಾಯಿ ತಿಂದುಕೊಂಡಿತ್ತು.

ರೈಫಲ್ ಮಾತ್ರ ತಿರುಗಾಡಿತು:
ಪ್ರತಿ ಚುನಾವಣೆಗೂ ಠಾಣೆಗೆ ಹೋಗಿ
ಕುತ್ತಿಗೆಗೆ ರಟ್ಟಿನ ಚೀಟಿ ಕಟ್ಟಿಸಿಕೊಂಡು
ಫಲಿತಾಂಶ ಬಂದ ಮೇಲೆ ಮನೆಗೆ.
ಗುಂಡು ಕಾಣದ ಅದರ ನಳಿಗೆಗೆ
ವರ್ಷಕ್ಕೆರಡು ಸಲ ಎಣ್ಣೆ.

ಮೊನ್ನೆ ಸೊಸೆ ಕಾತ್ಯಾಯಿನಿ ತಂದಳು,
ಹಳೆಯ ಸೀರೆಯಲ್ಲಿ ಸುತ್ತಿಕೊಂಡು.
ಮಾವ ಹೋದರು, ಸರ್ಕಾರಕ್ಕೆ ಒಪ್ಪಿಸಬೇಕು,
"ಅಕ್ಕಾ, ಕೊನೆಗೊಂದು ಸಲ ತೂಗಿಬಿಡಿ,
ಮೂರು ಇನ್ನೂರು, ಮೂರು ಇನ್ನೂರು ಅಂತ
ಆಸ್ಪತ್ರೆಯಲ್ಲೂ ಅಂತಿದ್ದರು."

ಗೈಬುಸಾಬರ ಜಾಗದಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ.
ನಮ್ಮದೂ ಎಲೆಕ್ಟ್ರಾನಿಕ್ ಕಾಟಾ.
ಕೆಂಪು ಅಂಕಿ ಮಿಣುಕಿತು:
ಮೂರು ಕಿಲೋ ನೂರ ನಲವತ್ತು.

"ಅರವತ್ತು ಗ್ರಾಂ ಎಲ್ಲಿ ಹೋಯ್ತು?
ಮರ ಒಣಗಿರಬೇಕು, ಅಲ್ವಾ ಅಕ್ಕಾ?"
ಇರಬೇಕು, ಅಂದೆ.

ಮಂಡಿಯಲ್ಲಿ ಆಗ ಎರಡು ತಕ್ಕಡಿಗಳಿದ್ದವು,
ರೈತರಿಂದ ಕೊಳ್ಳುವುದಕ್ಕೊಂದು, ಪೇಟೆಗೆ ಮಾರುವುದಕ್ಕೊಂದು.
ಬಾಗಿಲಿಗೆ ಹತ್ತಿರವಿದ್ದದ್ದು ಮಾರುವುದು,
ನಾನು ಕೋವಿ ತೂಗುತ್ತಿದ್ದದ್ದು ಅದರಲ್ಲೇ.
ಅವರು ಬೇಡಿದ್ದಕ್ಕಿಂತ ಹಗುರವೇ ಇತ್ತು ಅದು,
ಮೊದಲ ದಿನದಿಂದ.

ಸೀರೆ ಸುತ್ತಿ ಕೊಟ್ಟೆ.
ತೂಗಿದ್ದಕ್ಕೆ ದುಡ್ಡು ತಗೊಳ್ಳಲಿಲ್ಲ.