ಗೂಬೆ ಕೂರಿಸಿದ ಮೇಲೆ

ಪೀಣ್ಯದ ಪವರ್ ಪ್ರೆಸ್ಸಿಗೆ ನನ್ನ ಎಡಗಿವಿಯನ್ನು
ಹತ್ತೊಂಬತ್ತು ವರ್ಷ ಕಂತಿನಲ್ಲಿ ಕಟ್ಟಿದೆ.
ಮಿಕ್ಕ ಕಿವಿಗೆ ಎಲ್ಲ ಕೇಳುತ್ತದೆ,
ಎಲ್ಲಿಂದ ಅನ್ನುವುದೊಂದು ಬಿಟ್ಟು.

ಯಶವಂತಪುರ ಸರ್ಕಲ್ಲಿನಲ್ಲಿ ಹಾರನ್ ಹೊಡೆದರೆ
ಆಕಾಶ ನೋಡುತ್ತೇನೆ.
"ಏನಣ್ಣ, ವಿಮಾನ ಬಂತಾ?" ಆಟೋದವನ ನಗು.
ಅದೂ ಯಾವ ಕಡೆಯಿಂದಲೋ.

ಈಗ ಈ ಲ್ಯಾಬಿನಲ್ಲಿ ಸಹಾಯಕ.
ಮೇಜಿನ ಮೇಲೊಂದು ಗೂಬೆಯಿದೆ.
ರೆಕ್ಕೆಯಿಲ್ಲ, ಕೊಕ್ಕಿಲ್ಲ; ಎರಡು ಮೈಕು,
ಒಂದು ಮೇಲೆ, ಒಂದು ಕೊಂಚ ಕೆಳಗೆ,
ಅವಸರದಲ್ಲಿ ತಪ್ಪಿ ಹಾಕಿದ ಅಂಗಿಗುಂಡಿಯ ಹಾಗೆ.
ನಡುವೆ ಉಗುರಿನಷ್ಟು ಬಿಲ್ಲೆ, ಒಳಗೆ ಬೆಳ್ಳಿಯ ಎಳೆ.

"ನಿಜವಾದ ಗೂಬೆಗೂ ಹೀಗೇ ವೀರಣ್ಣ,
ಕಿವಿ ಏರುಪೇರು. ಕಣಜದ ಕತ್ತಲಲ್ಲಿ ಇಲಿಯ ಹೆಜ್ಜೆ
ಒಂದು ಕಿವಿಗೆ ಮೊದಲು, ಇನ್ನೊಂದಕ್ಕೆ ಆಮೇಲೆ.
ಸೆಕೆಂಡನ್ನು ಲಕ್ಷ ಹೋಳು ಮಾಡಿದರೆ
ಒಂದೆರಡು ಹೋಳು ಸಾಕು ಅದಕ್ಕೆ, ದಿಕ್ಕು ಸಿಕ್ಕಿತು"
ಅಂದರು ನಫೀಸಾ ಮೇಡಂ, ಟಿಫಿನ್ ಮುಚ್ಚಳ ತೆಗೆಯುತ್ತ.

ಇದಕ್ಕೆ ಯಾರೂ ಲೆಕ್ಕ ಬರೆದುಕೊಟ್ಟಿಲ್ಲವಂತೆ.
ಖಾಲಿ ಸೈಟಿನಲ್ಲಿ ಜನ ನಡೆದೂ ನಡೆದೂ
ಹುಲ್ಲು ಸತ್ತು ದಾರಿ ಬೀಳುವ ಹಾಗೆ
ಸದ್ದು ಹಾದಷ್ಟೂ ಎಳೆಗಳ ನಡುವೆ ದಾರಿ.
ನಾಲ್ಕು ದಿನ ಯಾರೂ ನಡೆಯದಿದ್ದರೆ
ಹುಲ್ಲು ಮತ್ತೆ ಬರುತ್ತದೆ. ಮರೆವೂ ಬೇಕಂತೆ ಅದಕ್ಕೆ.

ನಡೆಸುವ ಕೆಲಸ ನನ್ನದು.
ರಾತ್ರಿ ಹನ್ನೊಂದರ ಮೇಲೆ ಫ್ಯಾನು ನಿಲ್ಲಿಸಿ
ಸ್ಟೀಲ್ ಲೋಟ, ಚಮಚ ಹಿಡಿದು ಮೇಜು ಸುತ್ತುತ್ತೇನೆ.
ಠಣ್. ಒಂದು ಹೆಜ್ಜೆ. ಠಣ್.
ಮುಳ್ಳು ಮೊದಮೊದಲು ಕುಡಿದವನಂತೆ ತೂರಾಡಿತು,
ಕಿಟಕಿ ತೋರಿಸಿತು, ಬೀರು ತೋರಿಸಿತು.
ತಪ್ಪಾದಾಗೆಲ್ಲ ಹುಡುಗರು ನನ್ನ ಮೇಲೇ ಗೂಬೆ ಕೂರಿಸಿದರು:
ಲೋಟ ಸರಿಯಿಲ್ಲ, ನಿಂತ ಜಾಗ ಸರಿಯಿಲ್ಲ.

ಹಾಲಕ್ಕಿ ನುಡಿದರೆ ಅಜ್ಜಿ ಕೇಳುತ್ತಿದ್ದಳು,
ಬಲಕ್ಕೋ ಮಗ, ಎಡಕ್ಕೋ? ಶಕುನವೆಲ್ಲ ಅದರಲ್ಲೇ.
ಆಗ ನಾನೇ ಬೆರಳು ಮಾಡಿ ತೋರಿಸುತ್ತಿದ್ದೆ.

ಹದಿನೇಳನೇ ರಾತ್ರಿ
ಮುಳ್ಳು ನೆಟ್ಟಗೆ ಬಂದು ನನ್ನೆದೆಗೆ ನಿಂತಿತು.
ಸರಿದೆ. ಸರಿಯಿತು.
ಚಮಚ ಕೆಳಗಿಟ್ಟೆ; ಚಪ್ಪಲಿಯ ಸದ್ದಿಗೇ ತಿರುಗಿತು.

ಆಗ ಹೊರಗೆ ಯಾವುದೋ ಹಕ್ಕಿ ಕೂಗಿತು.
ಎಂದಿನಂತೆ ತಲೆಯೆತ್ತಲು ಹೋದವನು
ತಡೆದು, ಮುಳ್ಳು ನೋಡಿದೆ:
ಈಶಾನ್ಯ, ನೀರಿನ ಟ್ಯಾಂಕಿನ ಕಡೆ.

ಕಿಟಕಿ ತೆರೆದೆ. ಟ್ಯಾಂಕಿತ್ತು, ಕತ್ತಲಿತ್ತು.
ಹಕ್ಕಿ ಕಾಣಲಿಲ್ಲ.
ಎಷ್ಟೋ ವರ್ಷದ ಮೇಲೆ ಸರಿಯಾದ ಕಡೆಗೆ ಮುಖ ಮಾಡಿ
ಸ್ವಲ್ಪ ಹೊತ್ತು ನಿಂತಿದ್ದೆ.
ಆಮೇಲೆ ಫ್ಯಾನು ಹಾಕಿದೆ.