ಟಾರ್ಪಾಲಿಗೆ ರಿಬ್ಬನ್ ಇಲ್ಲ

ತಮಾಲೆಯಿಂದ ಉತ್ತರಕ್ಕೆ, ಸವೆಲುಗು ದಾಟಿದ ಮೇಲೆ
ಕೆಂಪು ಧೂಳಿನ ರಸ್ತೆ. ನನ್ನ ಬೈಕಿನ ಹಿಂದೆ
ಒಂದು ಸೋರೆ ಬುರುಡೆ; ಅದರೊಳಗೆ ಗಲಗಲ
ನಲವತ್ತೆರಡು ಸೋಡಾ ಮುಚ್ಚಳ, ಊರಿಗೊಂದು.

ಹಳದಿ ಬಂದರೆ ಯಂತ್ರ: ಗಾಜಿನ ಮಾಡು, ಪುಟ್ಟ ಫ್ಯಾನು,
ಸಮುದ್ರ ದಾಟಿ ಬಂದ ಬಿಸಿಲಿನ ಪೆಟ್ಟಿಗೆ.
ಕೆಂಪು ಬಂದರೆ ಟಾರ್ಪಾಲು, ಸಂತೆಯಲ್ಲಿ ಸಿಗುವಂಥದ್ದೇ.
ಬಿಳಿ ಬಂದರೆ
ಏನೂ ಇಲ್ಲ.

ಸನಾತು ಕೈಹಾಕಿದಳು. ಬಿಳಿ.
“ಹಾಗಾದರೆ ನಮ್ಮೂರು ನಿಮಗೆ ಬೇಡವೇ?”
ಬೇಕು, ಅಂದೆ. ನೀವಿಲ್ಲದೆ ಲೆಕ್ಕ ನಿಲ್ಲುವುದಿಲ್ಲ.
ಏನೂ ಕೊಡದಿದ್ದರೆ ಏನಾಗುತ್ತದೆ
ಎನ್ನುವುದು ಗೊತ್ತಾಗಬೇಕು.
“ಅದು ನಮಗೆ ಗೊತ್ತೇ ಇದೆಯಲ್ಲ” ಅಂದಳು.
ಅದನ್ನು ಬರೆದುಕೊಳ್ಳಲು ಫಾರಮ್ಮಿನಲ್ಲಿ ಜಾಗವಿರಲಿಲ್ಲ.

ಕಡಲೆಕಾಯಿ ಕಿತ್ತ ಮೇಲೆ ಬರಿನೆಲಕ್ಕೇ ಹರವುತ್ತಾರೆ.
ನೆಲ ಒಳಗೊಳಗೇ ಬೆವರುತ್ತದೆ. ಸಿಪ್ಪೆಯ ಸಂದಿಯಲ್ಲಿ
ಹಸಿರು ಬೂಷ್ಟು ಹುಟ್ಟುತ್ತದೆ; ಅದರ ವಿಷಕ್ಕೆ
ಬಣ್ಣವಿಲ್ಲ, ವಾಸನೆಯಿಲ್ಲ, ಕಹಿಯೂ ಇಲ್ಲ.
ಮಗುವಿನ ಗಂಜಿಯಲ್ಲಿ ಕರಗಿ ಇಳಿದು
ಯಕೃತ್ತಿನೊಳಗೆ ಬಾಡಿಗೆ ಕೊಡದೆ ಕೂತುಬಿಡುತ್ತದೆ.
ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ;
ಇಲ್ಲಿ ಕಾಣುವುದೇ ಇಲ್ಲ, ಪ್ರಮಾಣವೊಂದೇ ಗತಿ.

ಎರಡು ಸುಗ್ಗಿ. ಮೂರು ಸಾವಿರ ಪೊಟ್ಟಣ.
ಲ್ಯಾಬಿನ ಕರೆಂಟು ಹೋದ ರಾತ್ರಿ ಫ್ರಿಜ್ಜಿಗೆ
ಕಂಬಳಿ ಹೊದಿಸಿ ಕಾದೆವು, ಜ್ವರದ ಮಗುವನ್ನು ಕಾದಂತೆ.
ಕೊನೆಗೆ ಬಂತು. ನೂರು ಕೋಟಿ ಪಾಲಿನಲ್ಲಿ
ಬಿಳಿಯ ಊರುಗಳಿಗೆ ಮೂವತ್ತೆಂಟು,
ಟಾರ್ಪಾಲಿಗೆ ಐದು,
ಯಂತ್ರಕ್ಕೆ ನಾಲ್ಕು.
ನಾಲ್ಕಕ್ಕೂ ಐದಕ್ಕೂ ನಡುವೆ ಇದ್ದದ್ದು
ಅಂಕಿಯ ಸಣ್ಣ ನಡುಕ, ಮತ್ತು
ನೂರೆಂಬತ್ತು ಪಟ್ಟು ದುಡ್ಡು.

ಅಕ್ರಾದಲ್ಲಿ ಏಸಿ ಕೋಣೆ. ಕಾರ್ಯದರ್ಶಿ ಅಗ್ಬೆಕೊ
ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.
ಒಳ್ಳೆಯ ಮನುಷ್ಯ; ವರದಿಯನ್ನು ನಿಜಕ್ಕೂ ಓದಿದ್ದರು,
ಇಪ್ಪತ್ತನೇ ಪುಟದ ಅಡಿಟಿಪ್ಪಣಿಯನ್ನೂ.
“ನೋಡಪ್ಪಾ, ಇದು ಆವಿಷ್ಕಾರದ ನಿಧಿ.
ಹಾಸುವ ಪ್ಲಾಸ್ಟಿಕ್ಕನ್ನು ಆವಿಷ್ಕಾರ ಅಂತ
ಯಾವ ಬಾಯಲ್ಲಿ ಹೇಳಲಿ?
ಯಂತ್ರವಾದರೆ ಮಂತ್ರಿ ಬರುತ್ತಾರೆ, ಕತ್ತರಿ ಹಿಡಿಯುತ್ತಾರೆ.
ಟಾರ್ಪಾಲಿಗೆ ರಿಬ್ಬನ್ ಎಲ್ಲಿ ಕಟ್ಟುವುದು?”
ನಾನು ನಕ್ಕೆ. ಆಮೇಲೆ ನಾಚಿಕೆಯಾಯಿತು,
ಅವರು ತಮಾಷೆ ಮಾಡಿರಲಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು
ಬಡದೇಶಕ್ಕೆ ಎಲ್ಲರೂ ಹೇಳಿದವರೇ. ಹಾಸನ್ನೇ ತಂದು
ಮೇಜಿನ ಮೇಲೆ ಬಿಡಿಸಿದರೆ
ಕಾಲು ಎಲ್ಲಿಡಬೇಕೆಂದು ಯಾರಿಗೂ ತಿಳಿಯಲಿಲ್ಲ.

ತೀರ್ಮಾನ: ಈ ವರ್ಷ ನಲವತ್ತು ಯಂತ್ರ.
ಟಾರ್ಪಾಲು ಪರಿಶೀಲನೆಯಲ್ಲಿ.
ನಮ್ಮ ಮುಖ್ಯಸ್ಥೆ ಫುಸೈನಾ ಇದನ್ನೂ ಗೆಲುವೆಂದಳು:
“ನಾನೂರು ಕೊಳ್ಳಲಿದ್ದರು, ಗೊತ್ತಾ?”
ಒಂದು ಸೊನ್ನೆ ಅಳಿಸಲು ಎರಡು ಸುಗ್ಗಿ ಹಿಡಿಯಿತು.

ಹರ್ಮಟಾನ್ ಗಾಳಿ ಎದ್ದಾಗ ಮತ್ತೆ ಅದೇ ದಾರಿ.
ಸನಾತುವಿನ ಅಂಗಳದಲ್ಲಿ ನೀಲಿ ಟಾರ್ಪಾಲು,
ಮೂಲೆಗೊಂದು ಕಲ್ಲು, ನಡುವೆ ಒಂದು ಕೋಳಿ.
ಯಾರು ಕೊಟ್ಟರು?
“ಯಾರು ಕೊಡಬೇಕು? ತಂಗಿಯ ಊರಲ್ಲಿ ನೋಡಿದೆ,
ಆಡಿನ ಮರಿ ಮಾರಿದೆ. ನಿಮ್ಮ ಲೆಕ್ಕ ಮುಗಿಯಿತೇ?”

ಮುಗಿದಿರಲಿಲ್ಲ. ಮೂರನೇ ಸುಗ್ಗಿಗೂ ಅವಳ ಊರು
ನನ್ನ ವಹಿಯಲ್ಲಿ ಬಿಳಿಯೇ.
ಲೆಕ್ಕ ಕೆಟ್ಟಿದೆಯೆಂದು ಬರೆಯಬೇಕು. ಬರೆದೆ:
‘ಏನೂ ಕೊಡದ ಗುಂಪು. ಕಲಬೆರಕೆ. ಒಂದು ಮನೆ.’
ತಲೆಯೆತ್ತಿದರೆ ಮಣ್ಣಿನ ಗೋಡೆಯಾಚೆ
ಇನ್ನೊಂದು ನೀಲಿ. ಅದರಾಚೆ ಮತ್ತೊಂದರ ಅಂಚು
ಗಾಳಿಗೆ ಪಟಪಟ.

‘ಒಂದು’ ಹೊಡೆದುಹಾಕಿದೆ.
ಸನಾತು ಕೋಳಿ ಓಡಿಸುತ್ತಿದ್ದಳು.
ಪೆನ್ನು ಹಿಡಿದು, ಮನೆ ಮನೆಯ ಅಂಗಳಕ್ಕೆ ಇಣುಕುತ್ತ
ಬೀದಿಯುದ್ದ ಎಣಿಸುತ್ತ ಹೊರಟೆ.